ಒದ್ದೆ ಗೋಣಿಯ ಹಾಡು

ನನ್ನ ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ನಮ್ಮ ಊರಿನ ಕ್ರೈಸ್ತ ಸಭೆಯಲ್ಲಿ ಯಾರು ಸತ್ತರೂ ಆ ಮನೆಯ ಚಾವಡಿಯಲ್ಲಿ ಗೀತೆಪುಸ್ತಕ ಬಿಡಿಸಿ ಹಿಡಿದು ಹಾಡು ಹೇಳಿಕೊಡುತ್ತಿದ್ದವಳು ಅವಳೇ.

ಹೇಳಿಕೊಡುವುದು ಅಂದರೆ ಏನು ಅಂತ ಈಗಿನವರಿಗೆ ವಿವರಿಸಬೇಕು. ನಮ್ಮದು ಕರಾವಳಿಯ ಹಳೇ ಮಿಷನ್ ಸಭೆ. ಮನೆಯಲ್ಲಿ ಆಡುವುದು ತುಳು, ದೇವರ ಮುಂದೆ ಕನ್ನಡ. ಗಂಡಸರಿಗೆ ಹಂಚಿನ ಕಾರ್ಖಾನೆ, ಹೆಂಗಸರಿಗೆ ಬೀಡಿ. ಅಕ್ಷರ ಬಲ್ಲವರು ಕಡಿಮೆ. ಹಾಗಾಗಿ ಒಬ್ಬರು ಒಂದು ಸಾಲನ್ನು ಗಟ್ಟಿಯಾಗಿ ಹೇಳುತ್ತಾರೆ, ಉಳಿದವರು ಅದನ್ನು ರಾಗದಲ್ಲಿ ಎಳೆದು ಹಾಡುತ್ತಾರೆ. ಆಮೇಲೆ ಮುಂದಿನ ಸಾಲು. ದೇವಾಲಯದಲ್ಲಿ ಈ ಕೆಲಸ ಪಾದ್ರಿ ಅಯ್ಯನವರದ್ದು. ಸಾವಿನ ಮನೆಯಲ್ಲಿ ಮಾತ್ರ ಅಮ್ಮನದ್ದು. ಅವಳಿಗಿಂತ ಮೊದಲು ಹೇಳಿಕೊಡುತ್ತಿದ್ದ ಮುದುಕಿ ತೀರಿಕೊಂಡ ದಿನ, ಆ ಮುದುಕಿಯ ಪುಸ್ತಕವನ್ನೇ ಎತ್ತಿಕೊಂಡು ಅಮ್ಮ ಶುರು ಮಾಡಿದಳಂತೆ. ಕಿವಿಯಲ್ಲಿ ಕೇಳಿ ಬಾಯಿಪಾಠ ಆಗಿದೆ, ಅಂತ ಜನ ಅಂದುಕೊಂಡರು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನನಗೆ ಕೂಡಿಸಿ ಓದಲು ಬಂತು. ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಬೆಂಕಿಪೆಟ್ಟಿಗೆ, ಬೀಡಿ ಲೇಬಲ್, ಬಸ್ಸಿನ ಬೋರ್ಡು. ಒಂದು ಸಾವಿನ ಮನೆಯಲ್ಲಿ ಅಮ್ಮನ ತೊಡೆಗೆ ಒರಗಿ ಕುಳಿತಿದ್ದವಳು ಅವಳ ಕೈಯಲ್ಲಿದ್ದ ಪುಸ್ತಕಕ್ಕೆ ಇಣುಕಿದೆ. ಅಮ್ಮನ ಬೆರಳು ಸಾಲಿನ ಕೆಳಗೆ ನಿಧಾನವಾಗಿ ಓಡುತ್ತಿತ್ತು. ಬಾಯಿ ಹೇಳುತ್ತಿದ್ದದ್ದು ಇದು:

ಒದ್ದೆ ಗೋಣಿಯ ಒಳಗೆ ಎಲೆಯು ಮಲಗುವ ಹಾಗೆ
ನಿದ್ದೆ ಕೊಡು ಕರ್ತನೇ ಈ ದೇಹಕೆ;
ಎದ್ದ ಮುಂಜಾವಿನಲಿ ಮುರಿಯದೆ, ಬಿರಿಯದೆ
ಬಿಡಿಸಿಕೊಳ್ಳಲಿ ನಿನ್ನ ಬೆರಳ ಬಳಿಗೆ.

ಬೆರಳು ಓಡುತ್ತಿದ್ದ ಪುಟದಲ್ಲಿ ಇದ್ದದ್ದು ಸುಗ್ಗಿಯ ಸ್ತೋತ್ರದ ಹಾಡು. ತೆನೆ, ಕಣಜ, ಕೃತಜ್ಞತೆ. ಗೋಣಿಯೂ ಇಲ್ಲ, ಎಲೆಯೂ ಇಲ್ಲ. "ಅಮ್ಮ, ಇಲ್ಲಿ ಹಾಗೆ ಇಲ್ಲ" ಅಂತ ಪಿಸುಗುಟ್ಟಿದೆ. ಅಮ್ಮ ನನ್ನ ತೊಡೆಯನ್ನು ಹಿಡಿದು ಒತ್ತಿದಳು, ನೋವಾಗುವಷ್ಟು. ಬೆರಳು ನಿಲ್ಲಲಿಲ್ಲ. ಮನೆ ತುಂಬ ಜನ ಅವಳ ಹಿಂದೆ ಹಾಡಿದರು.

ದಾರಿಯಲ್ಲಿ ಬರುವಾಗ ಹೇಳಿದಳು, "ನೀನು ಓದಲು ಕಲಿತದ್ದು ಒಳ್ಳೇದಾಯಿತು ಮಗಾ. ಆದರೆ ನನ್ನ ಪುಸ್ತಕ ಓದಬೇಡ."

ಇಡೀ ಸಭೆ ಆ ಹಾಡು ಪುಸ್ತಕದ್ದು ಅಂತ ನಂಬಿತ್ತು. ಯಾಕೆ ನಂಬಬಾರದು? ಪುಸ್ತಕ ತೆರೆದಿತ್ತು, ಬೆರಳು ಓಡುತ್ತಿತ್ತು. ಓದು ಬಲ್ಲವರು ದುಃಖದಲ್ಲಿ ಇಣುಕಿ ನೋಡಲಿಲ್ಲ, ಬಾರದವರಿಗೆ ಇಣುಕಿ ಪ್ರಯೋಜನ ಇರಲಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಅಮ್ಮ ಇಂಥ ಸಾಲುಗಳನ್ನು ಎಷ್ಟೋ ಕಟ್ಟಿದ್ದಳು. ಸತ್ತವರು ದೋಣಿಯವರಾದರೆ ಒಂದು, ಬಾಣಂತಿಯಾದರೆ ಇನ್ನೊಂದು. ಅವೆಲ್ಲ ಆಯಾ ಹೆಣದ ಜೊತೆಗೇ ಹೋದವು. ಈ ಗೋಣಿಯ ಹಾಡೊಂದು ಎಲ್ಲರಿಗೂ ಹೊಂದುತ್ತಿತ್ತು, ಹಾಗಾಗಿ ಉಳಿಯಿತು.

ನಾನು ದೊಡ್ಡವಳಾದ ಹಾಗೆ ಇದು ನನ್ನ ಹೆಮ್ಮೆಯಾಯಿತು. ಅಮ್ಮನಿಗೆ ಮಾತ್ರ ಅದು ಹೆದರಿಕೆ. ವಯಸ್ಸಾದ ಮೇಲೆ ಮುಸ್ಸಂಜೆಗೆ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತ ಕುಳಿತವಳು ಇದ್ದಕ್ಕಿದ್ದ ಹಾಗೆ ತಲೆಯೆತ್ತಿ ಅಂಗಳಕ್ಕೆ ನೋಡುತ್ತಿದ್ದಳು. "ಏರ್?" ಅಂತ ತುಳುವಿನಲ್ಲಿ ಕೇಳುತ್ತಿದ್ದಳು. ಯಾರು? ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ.

"ಯಾರಮ್ಮ?"

"ಕೇಳಲಿಕ್ಕೆ ಬಂದಿದ್ದಾರೆ."

"ಎಂತ ಕೇಳಲಿಕ್ಕೆ?"

"ಯಾವ ಪುಸ್ತಕದ್ದು ಅಂತ."

ಅವಳ ಲೆಕ್ಕ ಹೀಗಿತ್ತು: ಸತ್ತವರನ್ನು ಪುಸ್ತಕದ ಮಾತಿನಲ್ಲಿ ಕಳಿಸಬೇಕು. ಪುಸ್ತಕದಲ್ಲಿಲ್ಲದ ಮಾತಿನಲ್ಲಿ ಕಳಿಸಿದರೆ ಅವರು ಅತ್ತ ಸೇರುವುದಿಲ್ಲ, ಅರ್ಧದಲ್ಲಿ ನಿಂತಿರುತ್ತಾರೆ. ತಾನು ಕಳಿಸಿದವರೆಲ್ಲ ಹಾಗೆ ನಿಂತಿದ್ದಾರೆ. ನಾನು ನಗಾಡಿದರೆ ನಗುತ್ತಿರಲಿಲ್ಲ. ಕೊನೆಯ ಕಾಯಿಲೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದಿಷ್ಟೇ. "ನೀನು ಡಿಗ್ರಿ ಓದಿದ್ದಿ. ಎಷ್ಟೋ ಪುಸ್ತಕ ನೋಡುತ್ತಿ. ಈ ಹಾಡು ಎಲ್ಲಾದರೂ ಇದ್ದೀತು. ಸಣ್ಣದಿರುವಾಗ ನಾನು ಯಾರಿಂದಲೋ ಕೇಳಿರಬಹುದು, ಮರೆತಿರಬಹುದು. ಹುಡುಕು. ಸಿಕ್ಕರೆ ಬಂದು ಹೇಳು."

ಅವಳಿಗೆ ಆ ಹಾಡು ಬೇರೆ ಯಾರದ್ದೋ ಆಗಬೇಕಿತ್ತು. ನನಗೆ ಅದು ಅವಳದ್ದೇ ಆಗಬೇಕಿತ್ತು. ನಾವಿಬ್ಬರೂ ಈ ವಿಷಯ ಮಾತಾಡಿ ಮುಗಿಸುವ ಮೊದಲೇ ಅವಳು ಹೋದಳು.

ನನ್ನ ಡಿಗ್ರಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಎರಡೂ ಕಡೆಯ ಮನೆತನದಲ್ಲಿ ಮೊದಲ ಪದವಿ ನನ್ನದು. ತೊಡೆಯ ಮೇಲೆ ಬೀಡಿಯ ಮೊರ, ಮೊರದ ಅಂಚಿಗೆ ಒರಗಿಸಿದ ನೋಟ್ಸು, ಹಾಗೆ ಓದಿ ಬಿ.ಎ. ಮಾಡಿದೆ. ಬಹ್ರೇನ್‌ಗೆ ಬರುವಾಗ ಅದಕ್ಕೆ ಸೀಲಿನ ಮೇಲೆ ಸೀಲು ಹಾಕಿಸಿದ್ದೆ. ಈಗ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲಾಟಿನಲ್ಲಿ ಟಿ.ವಿ.ಯ ಮೇಲೆ ಕಟ್ಟು ಹಾಕಿ ತೂಗುಹಾಕಿದ್ದೇನೆ. ಬಂದವರು ಮದುವೆ ಫೋಟೋ ಎಲ್ಲಿ ಅಂತ ಕೇಳುತ್ತಾರೆ. ಅದು ಒಳಗಿದೆ. ಎಸಿ ಕೆಲಸದ ನನ್ನ ಗಂಡ ಹೇಳುವುದು, "ನನ್ನನ್ನು ಕಟ್ಟಿಕೊಂಡದ್ದಕ್ಕೆ ಯಾರೂ ಸೀಲ್ ಹೊಡೆಯಲಿಲ್ಲ, ಹಾಗಾಗಿ ಒಳಗೆ." ನಗಲಿ. ನನಗೆ ನಾಚಿಕೆ ಇಲ್ಲ. ಮೀನಾ ಸಲ್ಮಾನ್‌ನಲ್ಲಿ ಬಂದರಿನ ಹಡಗುಗಳಿಗೆ ಸಾಮಾನು ಪೂರೈಸುವ ಒಂದು ಆಫೀಸಿನಲ್ಲಿ ಕಾಗದಪತ್ರ ಮಾಡುವ ಕೆಲಸ ನನ್ನದು. ಅಲ್ಲಿ ಕುರ್ಚಿ ಕೊಟ್ಟದ್ದು ಆ ಡಿಗ್ರಿಯೇ.

ಇಲ್ಲಿ ನಮ್ಮ ಕನ್ನಡದ ಆರಾಧನೆ ಶುಕ್ರವಾರ. ಸ್ವಂತ ದೇವಾಲಯ ಇಲ್ಲ. ಒಂದೇ ಹಾಲಿನಲ್ಲಿ ಒಂದೊಂದು ಭಾಷೆಯವರಿಗೆ ಒಂದೊಂದು ಹೊತ್ತು. ಇಂಗ್ಲಿಷಿನವರು ಹೊರಗೆ ಬರುವಾಗ ನಾವು ಒಳಗೆ ಹೋಗಬೇಕು, ನಮ್ಮ ಆಮೆನ್ ಮುಗಿಯುವ ಮೊದಲೇ ತಮಿಳಿನವರು ಬಾಗಿಲಲ್ಲಿ ಕೆಮ್ಮುತ್ತಾರೆ. ಇಪ್ಪತ್ತು ಮೂವತ್ತು ಕುಟುಂಬ, ಮತ್ತೆ ಲೇಬರ್ ಕ್ಯಾಂಪಿನಿಂದ ಬರುವ ಒಂಟಿ ಗಂಡಸರು. ಈಚೆಗೆ ನಮ್ಮದೇ ಒಂದು ಗೀತೆಪುಸ್ತಕ ತರಬೇಕು ಅಂತ ನಿಶ್ಚಯವಾಯಿತು. ಅದರ ಜವಾಬ್ದಾರಿ ಸಭೆಯ ಹಿರಿಯರಾದ ಅಂಕಲ್‌ಗೆ. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದವರು, ಒಳ್ಳೆಯ ಮನುಷ್ಯ, ಆದರೆ ವೋಚರ್ ಇಲ್ಲದೆ ಏನನ್ನೂ ನಂಬುವವರಲ್ಲ.

ಅವರು ಆರಿಸಿದ ಹಾಡುಗಳಲ್ಲಿ ಅಮ್ಮನದ್ದೂ ಇತ್ತು.

ಇದು ಹೇಗೆ ಅಂದರೆ, ಅಮ್ಮ ಸತ್ತ ಕೆಲವು ವರ್ಷಗಳ ಮೇಲೆ ನಮ್ಮೂರಿನ ಆಗಿನ ಅಯ್ಯನವರು ಮುದುಕಿಯರ ಬಾಯಿಂದ ಸಾವಿನ ಮನೆಯ ಹಾಡುಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದ್ದರು. ಆ ಪುಸ್ತಕದಲ್ಲಿ ಮೊದಲ ಸಾಲು ಹೀಗಿತ್ತು: "ಹಿಮದ ಹೊದಿಕೆಯ ಒಳಗೆ ಎಲೆಯು ಮಲಗುವ ಹಾಗೆ." ಕೆಳಗೆ ಸಣ್ಣ ಅಕ್ಷರದಲ್ಲಿ: ಯುರೋಪಿನ ಹಳೆಯ ಗೀತೆಯಿಂದ, ಬರೆದವರು ತಿಳಿದಿಲ್ಲ. ದೇವರ ಹಾಡಿನಲ್ಲಿ ಗೋಣಿ ಬರಲಾರದು, ಯಾರೋ ತಪ್ಪಾಗಿ ಹೇಳಿರಬೇಕು, ಅಂತ ಅಯ್ಯನವರು ತಿದ್ದಿದ್ದರು. ನಾನು ಮೊದಲ ಸಲ ಆ ಪುಟ ನೋಡಿದಾಗ ಬೆನ್ನಿಗೆ ತಣ್ಣೀರು ಸುರಿದ ಹಾಗಾಯಿತು. ಅಮ್ಮ ಬೇಡಿಕೊಂಡದ್ದು ಸಿಕ್ಕಿತ್ತು. ಹಾಡು ಪುಸ್ತಕದಲ್ಲಿತ್ತು, ಬೇರೆಯವರದ್ದಾಗಿತ್ತು. ಹೋಗಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ಸಮಾಧಿಯ ಹತ್ತಿರ ನಿಂತು ಕೂಡ ನನಗೆ ಬಾಯಿ ಬರಲಿಲ್ಲ.

ಈಗ ಅದೇ ಸಾಲು, ಅದೇ ಸಣ್ಣ ಅಕ್ಷರ, ಇಲ್ಲಿ ಮತ್ತೊಮ್ಮೆ ಅಚ್ಚಾಗುವುದರಲ್ಲಿತ್ತು. ನಾನು ಅಂಕಲ್ ಹತ್ತಿರ ಹೋಗಿ ನೇರ ಹೇಳಿದೆ, "ಇದು ನನ್ನ ಅಮ್ಮನ ಹಾಡು. ಗೋಣಿ ಅಂತ ಹಾಕಿ. ಅವಳ ಹೆಸರು ಹಾಕಿ."

"ನೋಡಮ್ಮಾ," ಅಂದರು, "ನಿನ್ನ ತಾಯಿ ಭಕ್ತೆ. ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಕ್ಷರ ಬಾರದ ಹೆಂಗಸು ಇದನ್ನು ಕಟ್ಟಿದಳು ಅಂದರೆ ನಾಳೆ ಜನ ನನ್ನನ್ನು ಕೇಳ್ತಾರೆ. ಮಿಷನಿನ ಯಾವುದೋ ದೊರೆಸಾನಿ ಹೇಳಿದ್ದನ್ನು ಅವಳು ಕೇಳಿರ್ತಾಳೆ. ಹಿಮ ಅಂದರೆ ಎಂತ ಅಂತ ಗೊತ್ತಾಗಲಿಲ್ಲ, ಗೋಣಿ ಅಂತ ಮಾಡಿಕೊಂಡಳು."

"ದೊರೆಸಾನಿಗಳು ಅಮ್ಮ ಹುಟ್ಟುವ ಮೊದಲೇ ಹೋಗಿದ್ದಾರೆ, ಅಂಕಲ್."

"ಹಾಗಾದರೆ ಅವಳ ಅಜ್ಜಿ ಕೇಳಿರ್ತಾಳೆ."

ಅಂಕಲ್ ಹತ್ತಿರ ಎಲ್ಲದಕ್ಕೂ ಒಂದು ಅಜ್ಜಿ ಇದ್ದಳು.

ಪಕ್ಕದಲ್ಲಿ ಕುರ್ಚಿ ಮಡಚುತ್ತಿದ್ದ ಬಡಗಿ ಅಣ್ಣ ಬಾಯಿ ಹಾಕಿದರು. ಅವರು ನನ್ನ ಅಮ್ಮನದೇ ಸಭೆಯವರು. ಮೀನಾ ಸಲ್ಮಾನ್‌ನ ಒಂದು ಮರದ ವರ್ಕ್‌ಶಾಪಿನಲ್ಲಿ ಕೆಲಸ, ಅಲ್ಲೇ ಕ್ಯಾಂಪಿನಲ್ಲಿ ವಾಸ. "ನನ್ನ ಅಪ್ಪ ಸತ್ತಾಗ ಅಕ್ಕನ ಅಮ್ಮನೇ ಹೇಳಿಕೊಟ್ಟದ್ದು. ಗೋಣಿಯೇ. ನಾನೇ ಅವರ ಹಿಂದೆ ಹಾಡಿದ್ದೇನೆ. ನಾಳೆ ನಾನು ಸತ್ತರೂ ಗೋಣಿ ಅಂತಲೇ ಹಾಡಿ ಮಾರಾಯ್ರೇ. ಹಿಮಗಿಮ ನನಗೆ ಬೇಡ, ಇಲ್ಲಿ ಎಸಿಯ ಚಳಿಯೇ ಸಾಕಾಗಿದೆ."

"ನಿನ್ನ ನೆನಪು ಪ್ರೂಫ್ ಅಲ್ಲ," ಅಂದರು ಅಂಕಲ್.

"ನೆನಪಲ್ಲದಿದ್ದರೆ ನಾನು ಇಲ್ಲಿಗೆ ಯಾಕೆ ಬರ್ತೇನೆ, ಚಾ ಕುಡಿಯಲಿಕ್ಕಾ?" ಅಂತ ಅಣ್ಣ ಕುರ್ಚಿಗಳನ್ನು ಗೋಡೆಗೆ ಒರಗಿಸಿದರು.

ಅಂಕಲ್ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವರ ಮಾತು ನನ್ನೊಳಗೆ ಇಳಿದು ಕೂತಿತು, ಅದೇ ತೊಂದರೆ. ಅಮ್ಮನೇ ಹೇಳಿದ್ದಳಲ್ಲ, ಯಾರಿಂದಲೋ ಕೇಳಿರಬಹುದು ಅಂತ. ಆವತ್ತಿನಿಂದ ನಮ್ಮ ಫ್ಲಾಟಿನಲ್ಲಿ ಮುಸ್ಸಂಜೆಯ ಹೊತ್ತು ನನಗೆ ಸರಿಬರಲಿಲ್ಲ. ಆಫೀಸಿನಿಂದ ಬಂದು ಬಾಗಿಲು ಹಾಕಿಕೊಳ್ಳುತ್ತೇನೆ, ಹತ್ತಿರದ ಮಸೀದಿಯ ಬಾಂಗ್ ಮುಗಿಯುತ್ತದೆ, ಮತ್ತೆ ಕಾರಿಡಾರಿನಲ್ಲಿ ಯಾರೋ ನಿಂತಿದ್ದಾರೆ ಅನಿಸುತ್ತದೆ. ನಡೆಯುವ ಸದ್ದಲ್ಲ. ನಿಂತಿರುವ ಸದ್ದು. ಒಬ್ಬರಲ್ಲ. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡು. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಗಂಡ ಬರುವವರೆಗೆ ಟಿ.ವಿ. ಆರಿಸುತ್ತಿರಲಿಲ್ಲ. ಒಮ್ಮೆ ಸೌಟು ಕೈಯಲ್ಲಿ ಹಿಡಿದುಕೊಂಡು ಬಾಗಿಲಿನ ಕಡೆ ತಿರುಗಿ "ಏರ್?" ಅಂತ ಕೇಳಿದೆ. ನನ್ನ ಧ್ವನಿ ಅಮ್ಮನ ಧ್ವನಿಯೇ ಆಗಿತ್ತು.

ನಾರ್ವೆಯ ಆಂಟಿ ಸಿಕ್ಕಿದ್ದು ಇದೇ ದಿನಗಳಲ್ಲಿ. ಎಪ್ಪತ್ತು ದಾಟಿದ ವಿಧವೆ, ಊರಿನಲ್ಲಿ ಗಣಿತದ ಟೀಚರ್ ಆಗಿದ್ದವರು, ಇಲ್ಲಿ ಬ್ಯಾಂಕಿನಲ್ಲಿರುವ ಮಗಳ ಜೊತೆ ಮಾಹೂಝ್‌ನಲ್ಲಿ ಇರುತ್ತಾರೆ. ಇಂಗ್ಲಿಷಿನವರ ಆರಾಧನೆಗೆ ಕೀಬೋರ್ಡ್ ನುಡಿಸುವುದು ಅವರು. ಒಂದು ಶುಕ್ರವಾರ ವೈರು ಸುತ್ತುತ್ತ ತಡವಾಗಿ ನಮ್ಮ ಆರಾಧನೆಗೇ ಉಳಿದುಬಿಟ್ಟರು. ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದರು, ಒಬ್ಬರು ಸಾಲು ಹೇಳುವುದು, ಉಳಿದವರು ಎಳೆದು ಹಾಡುವುದು, ಇದನ್ನು ನಿಮಗೆ ಯಾರು ಕಲಿಸಿದರು? ತನ್ನ ಅಜ್ಜಿಯ ಕಣಿವೆಯಲ್ಲಿಯೂ ಹೀಗೆ ಒಬ್ಬರು ಮುಂದೆ, ಉಳಿದವರು ಹಿಂದೆ, ಒಬ್ಬೊಬ್ಬರು ಒಂದೊಂದು ಕಡೆ ರಾಗ ತಿರುಗಿಸುತ್ತ, ನಿಧಾನವಾಗಿ ಹಾಡುತ್ತಿದ್ದರಂತೆ. "ಸತ್ತ ಮೇಲೆ ಮತ್ತೆ ಕೇಳ್ತೇನೆ ಅಂತ ಅಂದುಕೊಂಡಿದ್ದೆ," ಅಂದರು. "ಇಲ್ಲೇ ಸಿಕ್ಕಿತು."

ನಾನು ಆಂಟಿ ಅಂತ ಕರೆದಾಗ ಮೊದಮೊದಲು ತಮಾಷೆ ಮಾಡುತ್ತಿದ್ದರು, "ನಿಮ್ಮ ದೇಶದಲ್ಲಿ ಸಂಬಂಧ ಇಲ್ಲದವರು ಯಾರೂ ಇಲ್ಲವಾ?"

ಮಾಹೂಝ್‌ನ ಅವರ ಮನೆಯಲ್ಲಿ ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತ ಅಮ್ಮನ ವಿಷಯ ಹೇಳಿದೆ. ಪುಸ್ತಕದ ಗುಟ್ಟು ಹೇಳಲಿಲ್ಲ. ಹಾಡು ಕಟ್ಟಿದಳು, ಯಾರೂ ನಂಬುತ್ತಿಲ್ಲ, ಅಷ್ಟೇ ಹೇಳಿದೆ. ಅವರಿಗೆ ಆಶ್ಚರ್ಯ ಆಗಲಿಲ್ಲ. ತಮ್ಮ ದೇಶದಲ್ಲಿ ಮೊದಮೊದಲು ಪದ್ಯ ಬರೆದ ಹೆಂಗಸರ ಕಥೆ ಹೇಳತೊಡಗಿದರು. ಮುನ್ನೂರು ವರ್ಷಕ್ಕೂ ಹಿಂದಿನವರು. ಹೆಚ್ಚಾಗಿ ಪಾದ್ರಿಗಳ ಹೆಂಡತಿಯರು, ಮಗಳಂದಿರು. ಶಾಲೆ ಅಂತ ಇಲ್ಲ, ಮನೆಯಲ್ಲಿ ಅಪ್ಪನ ಪುಸ್ತಕ ಕದ್ದು ನೋಡಿ ಕಲಿತವರು. ಮನೆಯಲ್ಲಿ ಆಡುತ್ತಿದ್ದದ್ದು ಒಂದು ಮಾತು, ಬರೆಯುತ್ತಿದ್ದದ್ದು ಡೇನಿಷ್, ಯಾಕೆಂದರೆ ದೇವರ ಪುಸ್ತಕ ಇದ್ದದ್ದು ಅದರಲ್ಲಿ. ಮಕ್ಕಳನ್ನು ಒಂದರ ಹಿಂದೆ ಒಂದು ಮಣ್ಣು ಮಾಡುತ್ತಿದ್ದ ಕಾಲ. ಬರೆದದ್ದು ಗೀತೆಗಳನ್ನೇ. ಹೆಂಗಸು ಬಾಯಿ ತೆರೆಯಲು ಇದ್ದ ಬಾಗಿಲು ಅದೊಂದೇ.

"ಅಚ್ಚಾದಾಗ ಜನ ಎಂತ ಹೇಳಿದರು ಗೊತ್ತುಂಟಾ? ಇಷ್ಟು ಚೆನ್ನಾಗಿ ಹೆಂಗಸು ಬರೆಯಲಾರಳು, ಗಂಡ ಬರೆದುಕೊಟ್ಟಿರಬೇಕು. ಪ್ರೂಫ್ ಕೇಳಿದರು."

ಪ್ರೂಫ್. ಅದೇ ಶಬ್ದ. ನನಗೆ ನಗು ಬಂತು. ಆ ಹೆಂಗಸರು ನನಗೆ ಎದುರು ಕುಳಿತ ಹಾಗೆ ಕಂಡರು. ಕಪ್ಪು ಬಟ್ಟೆ, ತೊಡೆಯ ಮೇಲೆ ಪುಸ್ತಕ, ಒಬ್ಬೊಬ್ಬಳ ಹಿಂದೆಯೂ ಸಣ್ಣ ಸಣ್ಣ ಪೆಟ್ಟಿಗೆಗಳು. ಧೈರ್ಯ ಮಾಡಿ ಅಚ್ಚಾದ ಹಾಡನ್ನು ಇಂಗ್ಲಿಷಿನಲ್ಲಿ ಹೇಳಿ ಕೇಳಿದೆ, ಹಿಮದ ಹೊದಿಕೆ, ಎಲೆ, ಮುಂಜಾವು. ನಿಮ್ಮ ಆ ಹೆಂಗಸರಲ್ಲಿ ಯಾರಾದರೂ ಹೀಗೆ ಬರೆದದ್ದುಂಟಾ?

ಆಂಟಿ ಕಣ್ಣು ಮುಚ್ಚಿ ಕುಳಿತರು. ಆಮೇಲೆ ಹೇಳಿದರು, "ಕೇಳಿದ ಹಾಗಿದೆ. ಹುಡುಕ್ತೇನೆ."

ಆ ವಾರ ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತಿಲ್ಲ. ಸಿಗಲಿ ಅಂತ ಪ್ರಾರ್ಥಿಸಬೇಕಾ, ಸಿಗದಿರಲಿ ಅಂತ ಪ್ರಾರ್ಥಿಸಬೇಕಾ? ಸಿಕ್ಕರೆ ಕಾರಿಡಾರಿನಲ್ಲಿ ನಿಂತವರು ಹೊರಟುಹೋಗುತ್ತಾರೆ, ಅಮ್ಮ ಮಲಗುತ್ತಾಳೆ. ಆದರೆ ಮತ್ತೆ ನನ್ನ ಅಮ್ಮ ಯಾರು? ಬೀಡಿ ಕಟ್ಟಿದ ಒಬ್ಬ ಹೆಂಗಸು, ಅಷ್ಟೇ. ನಾನು ಓದಿದ್ದು, ಬೆಳೆದದ್ದು, ಗೋಡೆಗೆ ತೂಗುಹಾಕಿದ ಕಾಗದ, ಎಲ್ಲದರ ಅಡಿಯಲ್ಲಿ ನಾನು ಇಟ್ಟಿದ್ದ ಕಲ್ಲು ಒಂದೇ. ಅಕ್ಷರ ಇಲ್ಲದೆಯೂ ನನ್ನ ಅಮ್ಮ ಕಟ್ಟಿದಳು, ಅಕ್ಷರ ಇದ್ದರೆ ಏನು ಮಾಡುತ್ತಿದ್ದಳು, ಹಾಗಾಗಿ ನಾನು ಓದುತ್ತೇನೆ. ಆಫೀಸಿನಲ್ಲಿ ಒಂದು ಹಡಗಿನ ಕಾಗದದಲ್ಲಿ ಹೆಸರು ತಪ್ಪಾಗಿ ಹೊಡೆದೆ. ಮ್ಯಾನೇಜರ್ ಕರೆದು, "ಮೇಡಮ್, ತಬಿಯತ್ ಠೀಕ್ ಹೈ?" ಅಂತ ಕೇಳಿದ. ಅಷ್ಟು ವರ್ಷಗಳಲ್ಲಿ ಆತ ಹಾಗೆ ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಆಂಟಿಯ ಮೇಜಿನ ಮೇಲೆ ಹಳೇ ಗೀತೆಪುಸ್ತಕಗಳು ಹರಡಿದ್ದವು. "ಸಿಗಲಿಲ್ಲ," ಅಂದರು. "ಆದರೆ ಸಿಗಲಿಲ್ಲ ಅಂದರೆ ಇಲ್ಲ ಅಂತ ಅಲ್ಲ. ಕಳೆದುಹೋದದ್ದೇ ಹೆಚ್ಚು. ಇನ್ನೊಮ್ಮೆ ಹೇಳು. ನಿಧಾನ, ಒಂದೊಂದೇ ಶಬ್ದ."

ಹೇಳಿದೆ. ಹಿಮದ ಹೊದಿಕೆಯ ಒಳಗೆ ಎಲೆ ಮಲಗುತ್ತದೆ. ಮುಂಜಾನೆ ಮುರಿಯದೆ, ಬಿರಿಯದೆ, ಬೆರಳಿಗೆ ಬಿಡಿಸಿಕೊಳ್ಳುತ್ತದೆ.

"ಮುರಿಯದೆ?"

"ಹೌದು."

"ಬೆರಳಿಗೆ?"

ಆಂಟಿ ನಗತೊಡಗಿದರು. ಕಣ್ಣೊರೆಸಿಕೊಳ್ಳುವಷ್ಟು ನಗು. "ಇದನ್ನು ಬರೆದವರು ಹಿಮ ಕಂಡವರಲ್ಲ. ಹಿಮದ ಅಡಿಯಲ್ಲಿ ಎಲೆ ಮಲಗುವುದಿಲ್ಲ ಮಗಳೇ, ಕೊಳೆಯುತ್ತದೆ. ಹಿಮ ಕರಗಿದ ಮೇಲೆ ನಮ್ಮ ಅಂಗಳದಲ್ಲಿ ಉಳಿಯುವುದು ಕಪ್ಪು ಗಂಜಿ. ಕುಂಟೆಯಲ್ಲಿ ಎಳೆದು ರಾಶಿ ಹಾಕ್ತೇವೆ. ಬೆರಳಲ್ಲಿ ಮುಟ್ಟಿದರೆ ಅಂಟಿಕೊಳ್ಳುತ್ತದೆ. ನಮ್ಮ ಆ ಹೆಂಗಸರು ಚಳಿಗಾಲದಲ್ಲಿ ಮಕ್ಕಳನ್ನು ಹೂಳಲು ಹೆಪ್ಪುಗಟ್ಟಿದ ಮಣ್ಣು ಅಗೆಸಿದವರು. ಹಿಮವನ್ನು ಹೊದಿಕೆ ಅಂತ ಅವರು ಅಂದರೂ ಅಂದಾರು. ಅದರ ಒಳಗಿನಿಂದ ಎಲೆ ಮೆತ್ತಗಾಗಿ ಎದ್ದು ಬರುತ್ತದೆ ಅಂತ ಮಾತ್ರ ಯಾರೂ ಬರೆಯಲಾರರು." ಆಮೇಲೆ ನಗು ನಿಲ್ಲಿಸಿ ಕೇಳಿದರು, "ಮಲಗಿಸಿದರೆ ಮುರಿಯದ ಹಾಗೆ ಆಗುವ ಎಲೆ ಯಾವುದು?"

ನನ್ನ ಕೈಗಳು ತೊಡೆಯ ಮೇಲೆ ತಾವಾಗಿ ಅಲುಗಿದವು. ಬೀಡಿ ಎಲೆ ಒಣಗಿರುವಾಗ ಮುಟ್ಟಿದರೆ ಚಟಚಟ ಮುರಿಯುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಮಲಗಿಸಬೇಕು. ಬೆಳಿಗ್ಗೆ ಬಿಡಿಸಿದರೆ ಎಳೇ ಮಗುವಿನ ಕಿವಿಯ ಹಾಗೆ ಮೆತ್ತಗೆ. ಆಮೇಲೆ ಕತ್ತರಿ, ತಂಬಾಕು, ನೂಲು. ನಾನೇ ಎಷ್ಟು ಸಲ ಗೋಣಿ ಹಿಂಡಿದ್ದೇನೆ. ಹಿಮವನ್ನು ಗೋಣಿ ಮಾಡಿಕೊಂಡ ಹಾಡಲ್ಲ ಇದು. ಹಿಮ ಇಟ್ಟರೆ ಹಾಡೇ ನಿಲ್ಲುವುದಿಲ್ಲ. ಗೋಣಿಯಲ್ಲೇ ಹುಟ್ಟಿದ್ದು.

ಅಮ್ಮನದ್ದೇ.

ಒಂದು ಕ್ಷಣ ಸಂತೋಷ. ಅದರ ಹಿಂದೆಯೇ ಹೆದರಿಕೆ. ಅಮ್ಮನದ್ದು ಅಂದರೆ ಪುಸ್ತಕದ್ದಲ್ಲ. ಹಾಗಾದರೆ ನಿಂತವರು ನಿಂತೇ ಇರುತ್ತಾರೆ. ಆಗ ಆಂಟಿಯ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟೆ. ಸುಗ್ಗಿಯ ಪುಟ, ಓಡುವ ಬೆರಳು, ಮುಸ್ಸಂಜೆಯ ಅಂಗಳ.

ಆಂಟಿ ಕಾಫಿಯ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ತಮ್ಮ ಕಡೆ ಸತ್ತವರ ಪೆಟ್ಟಿಗೆಯಲ್ಲಿ ಗೀತೆಪುಸ್ತಕ ಇಡುತ್ತಿದ್ದರು ಅಂದರು. ಕೈಯಲ್ಲಿ, ಇಲ್ಲವೇ ಗದ್ದದ ಅಡಿಯಲ್ಲಿ. "ತಿರುಗಿ ಬಾರದಿರಲಿ ಅಂತ, ಹಾಗೆ ನನ್ನ ಅಜ್ಜಿ ಹೇಳುತ್ತಿದ್ದರು."

"ನೀವು ನಂಬ್ತೀರಾ ಆಂಟಿ?"

"ನಾನು ಗಣಿತದ ಟೀಚರ್." ಮೇಜಿನ ಮೇಲಿದ್ದ ಒಂದು ಗೀತೆಪುಸ್ತಕವನ್ನು ಮುಚ್ಚುತ್ತ, "ನನ್ನ ಗಂಡನಿಗೆ ಇಟ್ಟಿದ್ದೇನೆ."

ಶುಕ್ರವಾರ ಅಂಕಲ್‌ಗೆ ಹಿಮದ ಎಲೆಯ ಕಥೆ ಹೇಳಿದೆ. ವೋಚರ್ ಅಂತ ನಾರ್ವೆಯ ಆಂಟಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಅಂಕಲ್ ತಮ್ಮ ಕೈ ನೋಡಿಕೊಂಡರು. ಅವರ ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು ಕಾಣದ ಏನನ್ನೋ ಹಿಡಿದು ಸುತ್ತತೊಡಗಿದವು, ತುದಿ ಮಡಚಿದವು. ಅದು ನೋಡಿ ಕಲಿಯುವ ಕೈಕೆಲಸ ಅಲ್ಲ. ಕಟ್ಟಿದವರಿಗೆ ಮಾತ್ರ ಬರುತ್ತದೆ. ಅವರ ಮನೆಯಲ್ಲಿ ಬೀಡಿ ಇತ್ತು ಅಂತ ಬಹ್ರೇನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಮುರೀತದೆ," ಅಂದರು. "ಒಣಗಿದ್ದಾದರೆ ಮುರೀತದೆ." ಆಮೇಲೆ ನನ್ನ ಮುಖ ನೋಡದೆ, "ಹೆಸರು ಹಾಕುವ," ಅಂದರು.

ಪುಸ್ತಕ ಊರಿನಲ್ಲಿ ಅಚ್ಚಾಗಿ ರಜೆ ಮುಗಿಸಿ ಬರುವವರ ಬ್ಯಾಗುಗಳಲ್ಲಿ ಬಂತು. ಗೋಣಿ ಗೋಣಿಯೇ ಆಗಿತ್ತು. ಕೆಳಗೆ ಅಮ್ಮನ ಹೆಸರು. ಅವಳಿಗೆ ಅದನ್ನು ಬರೆಯಲು ಬರುತ್ತಿರಲಿಲ್ಲ, ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು. ನಾನು ಆ ಹೆಸರಿನ ಮೇಲೆ ಬೆರಳಿಟ್ಟೆ. ಮನಸ್ಸಿನಲ್ಲಿ, ಸಿಕ್ಕಿತು ಅಮ್ಮ, ಅಂದೆ. ಆದರೆ ಬಹ್ರೇನಿನಲ್ಲಿ ನಿಂತು ಹೇಳಿದ್ದು ಅವಳಿಗೆ ಕೇಳಿಸೀತಾ? ಮುಸ್ಸಂಜೆಗೆ ಕಾರಿಡಾರು ಹಾಗೆಯೇ ಇತ್ತು.

ಅದೇ ತಿಂಗಳು ಬಡಗಿ ಅಣ್ಣ ತೀರಿಕೊಂಡರು. ಬೆಳಿಗ್ಗೆ ಕ್ಯಾಂಪಿನಲ್ಲಿ ಶೂ ಹಾಕಿಕೊಳ್ಳುವಾಗ ಒರಗಿದವರು ಏಳಲಿಲ್ಲ. ಹೃದಯ. ಒಂದು ಶೂ ಹಾಕಿಯಾಗಿತ್ತಂತೆ. ಕಂಪನಿಯ ಸರ್ಕಾರಿ ಕೆಲಸ ನೋಡಿಕೊಳ್ಳುವ ಮಂದೂಬ್ ವೀಸಾ ಕ್ಯಾನ್ಸಲ್ ಮಾಡುವ ಕಾಗದಕ್ಕೆ, ಕಳಿಸುವ ಕಾಗದಕ್ಕೆ ಆಫೀಸಿಂದ ಆಫೀಸಿಗೆ ಓಡಾಡಿದ. ದೇಹ ಊರಿಗೆ ಹೋಗುವುದು ಅಂತಾಯಿತು. ಮಣ್ಣು ಮಾಡುವುದು ನಮ್ಮ ಸಭೆಯ ಸ್ಮಶಾನದಲ್ಲಿ, ಅಂದರೆ ಅಮ್ಮ ಇರುವಲ್ಲಿಯೇ.

ಪೆಟ್ಟಿಗೆ ಮುಚ್ಚುವ ಮೊದಲು ಆಸ್ಪತ್ರೆಯ ಶವಾಗಾರದಲ್ಲಿ ಪ್ರಾರ್ಥನೆಗೆ ಸ್ವಲ್ಪ ಹೊತ್ತು ಕೊಟ್ಟರು. ಮಧ್ಯಾಹ್ನ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಹಲ್ಲು ಕಟಕಟಿಸುವಷ್ಟು ಚಳಿ. ಎಸಿಯ ಚಳಿಯೇ ಸಾಕಾಗಿದೆ ಅಂತ ಅಣ್ಣ ಅಂದಿದ್ದರಲ್ಲ, ಅದೇ ನೆನಪಾಗುತ್ತಿತ್ತು. ಕ್ಯಾಂಪಿನವರು, ನಮ್ಮ ಸಭೆಯವರು, ನನ್ನ ಗಂಡ, ಮೂಲೆಯಲ್ಲಿ ನಾರ್ವೆಯ ಆಂಟಿ. "ಬೇಗ, ಸಿಸ್ಟರ್," ಅಂದ ಅಲ್ಲಿನ ಕೆಲಸದವನು. ಅಂಕಲ್ ಪ್ರಾರ್ಥನೆ ಮಾಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಪುಸ್ತಕ ಬಿಡಿಸಿದೆ.

ಒದ್ದೆ ಗೋಣಿಯ ಒಳಗೆ. ಸಾಲು ಹೇಳಿದೆ. ಅವರು ಎಳೆದು ಹಾಡಿದರು. ನನ್ನ ಬೆರಳು ಸಾಲಿನ ಕೆಳಗೆ ಓಡುತ್ತಿತ್ತು. ನಮ್ಮ ಮನೆತನದಲ್ಲಿ ಮೊದಲ ಸಲ ಬೆರಳು ಮತ್ತು ಬಾಯಿ ಒಂದೇ ಸಾಲಿನಲ್ಲಿದ್ದವು. ಆದರೆ ನಾನು ಹೇಳುವುದಕ್ಕೂ ಒಂದು ಉಸಿರು ಮೊದಲೇ ಆ ಸಾಲು ನನ್ನ ಕಿವಿಗೆ ಬೀಳುತ್ತಿತ್ತು, ಯಾರೋ ನನಗೆ ಹೇಳಿಕೊಡುತ್ತಿರುವ ಹಾಗೆ. ನಾಲ್ಕು ಸಾಲು ಮುಗಿದವು. ಪುಟದಲ್ಲಿ ಅದರ ಕೆಳಗೆ ಅಮ್ಮನ ಹೆಸರು, ಮತ್ತೆ ಖಾಲಿ ಜಾಗ. ನಾನು ಪುಸ್ತಕ ಮುಚ್ಚಬೇಕಿತ್ತು. ಬೆರಳು ಖಾಲಿ ಜಾಗಕ್ಕೆ ಇಳಿಯಿತು, ಅಲ್ಲಿಯೂ ಓಡಿತು. ಬಾಯಿ ಹೇಳಿತು:

ಉಳಿಯ ಕೆಳಗಿಟ್ಟೆನು, ಹೊಟ್ಟ ಕೊಡವಿದೆನು,
ಬಾಗಿಲಿನ ಚೌಕಟ್ಟು ನಿನ್ನದೇ, ಒಳಗೆ ಕರೆ.

ಅವರು ಹಾಡಿದರು. ಯಾರೂ ತಲೆಯೆತ್ತಲಿಲ್ಲ. ಕ್ಯಾಂಪಿನ ಒಬ್ಬ ಬಡಗಿ ಮುಖ ಮುಚ್ಚಿಕೊಂಡ.

ಪುಸ್ತಕವನ್ನು ಅಣ್ಣನ ಕೈಗಳ ಅಡಿಯಲ್ಲಿ ಇಟ್ಟೆ. ಆಂಟಿ ಮೂಲೆಯಿಂದ ನೋಡಿ ಒಮ್ಮೆ ತಲೆಯಾಡಿಸಿದರು. ಅಣ್ಣನ ಕೈಗಳು ಮರದ ಹಾಗಿದ್ದವು. ಅವರು ಅಲ್ಲಿಗೇ ಹೋಗುವವರು, ಅಮ್ಮ ಇರುವಲ್ಲಿಗೆ. ಅಂಗಳದಲ್ಲಿ ನಿಂತವರು ಕೇಳಿದರೆ ತೋರಿಸಲಿಕ್ಕೆ ಈಗ ಪುಸ್ತಕ ಉಂಟು, ಪುಟ ಉಂಟು, ಹೆಸರು ಉಂಟು. ನಾನು ಹೇಳಲಾರದ್ದನ್ನು ಅಣ್ಣ ಹೇಳುತ್ತಾರೆ. ಪೆಟ್ಟಿಗೆ ಮುಚ್ಚಿದರು.

ಹೊರಗೆ ಬಿಸಿಲಿಗೆ ಬಂದಾಗ ಅಂಕಲ್ ನನ್ನ ಪಕ್ಕ ನಡೆಯುತ್ತ, ತಮ್ಮ ಪ್ರತಿಯ ಹಾಳೆ ತಿರುಗಿಸುತ್ತಿದ್ದರು. ಒಂದೊಂದು ಪುಟವನ್ನೂ ಪ್ರೂಫ್ ನೋಡಿದವರು ಅವರು.

"ಆ ಕೊನೆಯ ಸಾಲುಗಳು," ಅಂದರು, "ಉಳಿ, ಚೌಕಟ್ಟು. ನನಗೆ ಸಿಗ್ತಾ ಇಲ್ಲ. ಯಾವ ಪುಸ್ತಕದ್ದಮ್ಮ?"

ಆ ಬಿಸಿಲಲ್ಲೂ ನನ್ನ ಕತ್ತಿನ ಹಿಂದೆ ತಣ್ಣಗಾಯಿತು. ತಿರುಗಿ ನೋಡಲಿಲ್ಲ.

"ಹುಡುಕಿ ಅಂಕಲ್," ಅಂದೆ. "ಸಿಕ್ಕರೆ ಬಂದು ಹೇಳಿ."